ಮೈನಸ್ ಮೂವತ್ತರ ಮುಖಗಳು

ಸೈಮಿ ಹೈಕುರಾಳ ಮುತ್ತಜ್ಜ ಈಸಕ್ಕಿ ಹೈಕುರಾ ಒಂದು ಚಳಿಗಾಲದಲ್ಲಿ ಕಾಲಿಗೆ ಜಾರುಹಲಗೆ ಕಟ್ಟಿಕೊಂಡು ತಮ್ಮೂರು ಕೂಸಾಮೊದಿಂದ ಓಲು ಪಟ್ಟಣಕ್ಕೆ ಉಪ್ಪು ತರಲು ಹೋದವನು. ದಾರಿ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಅಂಗಡಿಯವನು ತಲೆಯೆತ್ತಿ ನೋಡಿ ನಮಸ್ಕಾರ ಹೇಳಲಿಲ್ಲವೆಂದು ಉಪ್ಪು ಕೊಳ್ಳದೆ ಹಾಗೆಯೇ ಹಿಂದಿರುಗಿದ. ಆ ವರ್ಷ ಮನೆಮಂದಿಯೆಲ್ಲ ಸಪ್ಪೆ ಮೀನು ತಿಂದರು. ತಪ್ಪು ಅಂಗಡಿಯವನದು ಎಂದು ಊರು ಈಗಲೂ ನಂಬಿದೆ.

ಅಜ್ಜ ಆಪೆಲಿ, ಕೆರೆಯ ಮಂಜುಗಡ್ಡೆ ಬಿರಿದು, ಕುದುರೆ ಸಮೇತ ನೀರಿಗೆ ಬಿದ್ದ. ಮೊದಲು ಕುದುರೆಯನ್ನು ಹತ್ತಿಸಿದ, ಆಮೇಲೆ ತಾನು ಹತ್ತಿದ, ಆಮೇಲೆ ಟೋಪಿ ತರಲು ಮತ್ತೆ ಇಳಿದ. ಆ ಟೋಪಿಯಿಂದಲೇ ಸತ್ತ ಎನ್ನುವವರಿದ್ದಾರೆ. ಅವನು ಸತ್ತದ್ದು ಇಪ್ಪತ್ತೆರಡು ವರ್ಷ ಕಳೆದ ಮೇಲೆ.

ಅಪ್ಪ ಯುದ್ಧದ ಕೊನೆಯಲ್ಲಿ ಹಿಂದೆಗೆಯುವ ಸೈನ್ಯ ಊರಿಗೆ ಬೆಂಕಿಯಿಡುವ ಸುದ್ದಿ ತಿಳಿದಾಗ ಮನೆಯ ಬಾಗಿಲನ್ನು ಕಳಚಿ, ಕಲ್ಲು ಕಟ್ಟಿ, ಕೆರೆಯಲ್ಲಿ ಮುಳುಗಿಸಿ ಊರು ಬಿಟ್ಟ. ಹಿಂದಿರುಗಿ ಬಂದು ಬಾಗಿಲನ್ನು ಎತ್ತಿ ನಿಲ್ಲಿಸಿ, ಅದರ ಸುತ್ತ ಮನೆ ಕಟ್ಟಿದ. ಅವ್ವ ಹಿಲ್ಯಾ ಮೂವತ್ತೊಂದು ವರ್ಷ ದಿನಕ್ಕೆ ಮೂರು ಸಲ ಹೊರಗೆ ಹೋಗಿ ಉಷ್ಣಮಾಪಕ ನೋಡಿ ಸರ್ಕಾರದ ಪುಸ್ತಕದಲ್ಲಿ ಬರೆದವಳು. ಒಂದು ದಿನ ಮಾತ್ರ ಮಧ್ಯಾಹ್ನದ ಅಂಕಿ ಹತ್ತು ನಿಮಿಷ ತಡವಾಗಿದೆ. ಕಾರಣ ಬರೆಯುವ ಜಾಗದಲ್ಲಿ ‘ಹೆಣ್ಣು’ ಎಂದಿದೆ. ಆ ಹೆಣ್ಣೇ ಸೈಮಿ.

ಸೈಮಿ ಊರ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದಳು. ಮದುವೆಯಾಗಲಿಲ್ಲ. ಕೇಳಿದವರು ಇಬ್ಬರು, ಇಬ್ಬರೂ ಬೇಸಿಗೆಯಲ್ಲಿ ಕೇಳಿದರು, ಬೇಸಿಗೆಯಲ್ಲಿ ಆಡಿದ ಮಾತಿಗೆ ಅವಳು ಬೆಲೆ ಕೊಡುವವಳಲ್ಲ. ಅವಳ ಮನೆಯಲ್ಲಿ ಕೋಣೆ ಹಿಡಿದಿದ್ದ ಅರಣ್ಯ ಸರ್ವೆಯ ಹುಡುಗನೊಬ್ಬ ಹೋಗುವಾಗ ಒಂದು ಹಳೆಯ ರಷ್ಯಾ ಕ್ಯಾಮೆರಾ ಮರೆತುಹೋದ. ಇವಳು ಪತ್ರ ಬರೆದಳು. ‘ನೀವೇ ಇಟ್ಟುಕೊಳ್ಳಿ, ಅದು ಚಳಿಯಲ್ಲಿ ಕೆಲಸ ಮಾಡುವುದಿಲ್ಲ’ ಎಂದು ಉತ್ತರ ಬಂತು.

‘ಯಾಕೆ ಮಾಡೋದಿಲ್ಲ?’ ಎಂದು ಸೈಮಿ ಕ್ಯಾಮೆರಾವನ್ನೇ ಕೇಳಿದಳು. ಅವಳ ವಿದ್ಯೆ ಶುರುವಾದದ್ದು ಅಲ್ಲಿಂದ. ಗುರುವಿಲ್ಲ, ಪುಸ್ತಕವಿಲ್ಲ. ಬಿಚ್ಚಿ ನೋಡಿದಳು. ಒಳಗಿನ ಎಣ್ಣೆ ಚಳಿಗೆ ಅಂಟಿನಂತೆ ಗಟ್ಟಿಯಾಗುತ್ತಿತ್ತು. ಪೆಟ್ರೋಲಿನಲ್ಲಿ ಅದ್ದಿ ಒಂದು ತೊಟ್ಟು ಎಣ್ಣೆಯೂ ಉಳಿಯದಂತೆ ತೊಳೆದಳು. ಕ್ಯಾಮೆರಾ ಕೆಲಸ ಮಾಡಿತು, ಒಣಗಿದ ಗಾಲಿಯಂತೆ ಕಿರುಗುಟ್ಟುತ್ತಾ. ಫಿಲ್ಮನ್ನು ಬೇಗ ತಿರುಗಿಸಿದರೆ ಚಳಿಗೆ ಹಪ್ಪಳದಂತೆ ಮುರಿಯುತ್ತದೆಂದು ಎರಡು ಸುರುಳಿ ಕಳೆದುಕೊಂಡು ಕಲಿತಳು. ಅಂದಿನಿಂದ ಹತ್ತು ಎಣಿಸುತ್ತಾ ತಿರುಗಿಸುವುದು. ಉಸಿರು ತಾಕಿದರೆ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಆದ್ದರಿಂದ ಕಣ್ಣಿಟ್ಟಾಗ ಉಸಿರು ಕಟ್ಟುವುದು, ಬಿಡುವುದಾದರೆ ಪಕ್ಕಕ್ಕೆ ಬಿಡುವುದು. ಬರಿ ಲೋಹಕ್ಕೆ ಮೂಗು ತಾಗಿದರೆ ಅಂಟಿಕೊಳ್ಳುತ್ತದೆ. ಇದನ್ನು ಹೇಗೆ ಕಲಿತಳೆಂದು ಅವಳ ಮೂಗು ನೋಡಿದರೆ ಗೊತ್ತಾಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಗಿನಿಂದ ಬಂದ ಕ್ಯಾಮೆರಾವನ್ನು ನೇರ ಬೆಚ್ಚಗಿನ ಮನೆಯೊಳಗೆ ತರಕೂಡದು. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿನ ತಣ್ಣನೆ ಪಡಸಾಲೆಯಲ್ಲಿ ನಾಲ್ಕು ಗಂಟೆ ಇಟ್ಟು, ಆಮೇಲೆ ಹೊಸ್ತಿಲ ಬಳಿ ಎರಡು ಗಂಟೆ ಇಟ್ಟು, ಮದುಮಗಳನ್ನು ಕರೆತಂದಂತೆ ನಿಧಾನವಾಗಿ ಕರೆತರಬೇಕು.

ಉಷ್ಣಮಾಪಕ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿದ ದಿನ ಮಾತ್ರ ಅವಳು ಕ್ಯಾಮೆರಾ ಹಿಡಿದು ಕಿತ್ಕಾ ರಸ್ತೆಗೆ ಇಳಿಯುತ್ತಿದ್ದಳು. ಇಪ್ಪತ್ತೊಂಬತ್ತಿದ್ದರೆ ಮೊಳೆ ತೂಗುತ್ತಿದ್ದಳು.

‘ಅದೇನು ಮೂವತ್ತರ ಹಟ?’ ಎಂದು ಅಂಗಡಿಯ ಯಜಮಾನ ಒಮ್ಮೆ ಕೇಳಿದ.

‘ಹತ್ತರಲ್ಲಿ ಜನ ಕ್ಯಾಮೆರಾ ಕಂಡು ಮುಖ ಮಾಡ್ತಾರೆ,’ ಎಂದಳು ಸೈಮಿ. ‘ಮೂವತ್ತರಲ್ಲಿ ಮುಖ ಮಾಡೋಕೆ ಅವರಿಗೆ ಪುರುಸೊತ್ತಿರಲ್ಲ.’

‘ಮುಖ ಎಲ್ಲಿ ಕಾಣುತ್ತೆ? ಬರೀ ಮಫ್ಲರು.’

‘ಕಣ್ಣಿರುತ್ತಲ್ಲ. ನಿಮ್ಮ ಮಿಕ್ಕ ಮುಖ ನೋಡಿ ನಾನೇನು ಮಾಡ್ಲಿ?’

ಯಜಮಾನ ಅವಳಿಗೆ ಮೂವತ್ತರ ದಿನಗಳಲ್ಲಿ ರಜೆ ಕೊಟ್ಟ. ಅಂಥ ದಿನ ಮೊಳೆ ಕೊಳ್ಳಲು ಯಾರೂ ಬರುತ್ತಿರಲಿಲ್ಲ ಎಂಬುದೂ ನಿಜ.

ಅವಳು ಯಾರನ್ನೂ ಕೇಳಿ ತೆಗೆಯುತ್ತಿರಲಿಲ್ಲ, ಕದ್ದೂ ತೆಗೆಯುತ್ತಿರಲಿಲ್ಲ. ಸಹಕಾರಿ ಅಂಗಡಿಯ ಎದುರು ದೀಪದ ಕಂಬದ ಹಾಗೆ ನಿಲ್ಲುತ್ತಿದ್ದಳು. ತೆಗೆದ ಮೇಲೆ ಒಂದು ಸಲ ತಲೆ ಅಲ್ಲಾಡಿಸುತ್ತಿದ್ದಳು. ತೆಗೆಸಿಕೊಂಡವರೂ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಮೇ ತಿಂಗಳ ಮೊದಲ ದಿನ, ಹಿಮ ಕರಗಿ ಅವಳಿದ್ದ ವಠಾರದ ಅಂಗಳ ಕೆಸರಾದಾಗ, ಜಮಖಾನೆ ಕೊಡವಲು ನೆಟ್ಟ ಕಬ್ಬಿಣದ ಗಳುವಿನ ಮೇಲೆ ಆ ಚಳಿಗಾಲದ ಚಿತ್ರಗಳನ್ನೆಲ್ಲ ಬಟ್ಟೆಯ ಚಿಮುಟ ಹಾಕಿ ನೇತುಬಿಡುತ್ತಿದ್ದಳು. ತಾನು ಕಿಟಕಿಯ ಪರದೆ ಎಳೆದು ಒಳಗೆ ಕೂರುತ್ತಿದ್ದಳು. ಜನ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಚಿತ್ರ ತೆಗೆದುಕೊಂಡು ಹೋಗಬೇಕು. ಹಿಡಿಸದವರು ಒಲೆಗೆ ಹಾಕಬಹುದು. ಯಾರೂ ಅದರ ಬಗ್ಗೆ ಮಾತಾಡುವಂತಿಲ್ಲ. ಒಂದು ವರ್ಷ ಅಂಚೆ ಮಾಸ್ತರರ ಹೆಂಡತಿ ಹಾಲಿನ ಲಾರಿಯ ಚಾಲಕನ ಚಿತ್ರವನ್ನೂ ಅವನು ಇವಳದ್ದನ್ನೂ ಒಯ್ದು ಮೂರು ವರ್ಷ ಮನೆಯ ಗೋಡೆಗೆ ಹಾಕಿಕೊಂಡಿದ್ದರು. ತಿಳಿದ ಮೇಲೂ ಬದಲಿಸಿಕೊಳ್ಳಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತಂತೆ.

ಹೀಗೆ ಹದಿನೇಳು ಚಳಿಗಾಲಗಳಲ್ಲಿ ಆ ರಸ್ತೆಯಲ್ಲಿ ಓಡಾಡುವ ಪ್ರತಿಯೊಬ್ಬರ ಮುಖವೂ ಅವಳ ಕ್ಯಾಮೆರಾಕ್ಕೆ ಬಂತು. ಉಳಿದದ್ದು ಒಂದೇ ಒಂದು, ಅನ್ಸೆಲ್ಮಿ ಸಾಕ್ಕಿನೆನ್‌ನದು.

ಅನ್ಸೆಲ್ಮಿ ಮರದ ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಸುವ ಕೆಲಸದಲ್ಲಿ ಬಾಳು ಸವೆಸಿ ಬಂದ ಮುದುಕ. ಹಿಂದೆ ನಿಂತು ಒಂದು ಕಾಲಲ್ಲಿ ನೆಲ ಒದೆಯುತ್ತಾ ಹೋಗುವ ಜಾರುಗಾಡಿಯಲ್ಲಿ ದಿನಾ ಬೆಳಿಗ್ಗೆ ಸಹಕಾರಿ ಅಂಗಡಿಗೆ ಬರುತ್ತಿದ್ದ. ಸೈಮಿ ಕ್ಯಾಮೆರಾ ಎತ್ತಿದ ತಕ್ಷಣ ಗಾಡಿ ತಿರುಗಿಸಿ ಬೆನ್ನು ಕೊಡುತ್ತಿದ್ದ. ಸೈಮಿಯೂ ಬಿಡುವವಳಲ್ಲ, ಬೆನ್ನನ್ನೇ ತೆಗೆಯುತ್ತಿದ್ದಳು. ಹನ್ನೊಂದು ಬೆನ್ನುಗಳಾದವು. ಪ್ರತಿ ಮೇ ತಿಂಗಳೂ ಅನ್ಸೆಲ್ಮಿ ತಪ್ಪದೆ ಬಂದು ಚಿಮುಟ ತೆಗೆದು ತನ್ನ ಬೆನ್ನನ್ನು ಮಡಿಸದೆ ಅಂಗಿಯೊಳಗೆ ಇಟ್ಟುಕೊಂಡು ಹೋಗುತ್ತಿದ್ದ.

‘ಯಾಕೋ ಮುದುಕ, ಒಂದ್ಸಲ ಈ ಕಡೆ ತಿರುಗಿದ್ರೆ ನಿನ್ನ ಗಂಟೇನು ಹೋಗುತ್ತೆ?’ ಎಂದು ಒಮ್ಮೆ ಅಂಗಡಿಯೊಳಗೆ ಕೇಳಿದಳು.

‘ಮುಖ ನಾನು ಗಡ್ಡ ಹೆರೆಯುವಾಗ ನೋಡ್ಕೋತೀನಿ,’ ಎಂದ ಅನ್ಸೆಲ್ಮಿ. ‘ಬೆನ್ನು ನಂಗೆ ಕಾಣ್ತಿರಲಿಲ್ಲ. ಚೆನ್ನಾಗಿದೆ. ಹಾಗೇ ತೆಗೀತಿರು.’

ಎಂಬತ್ತೇಳನೆಯ ಇಸವಿಯ ಜನವರಿಯಲ್ಲಿ ಸುದ್ದಿ ಬಂತು. ಅನ್ಸೆಲ್ಮಿಯ ಮಗಳು ಸ್ವೀಡನ್ನಿನಲ್ಲಿದ್ದಳು. ಅಪ್ಪನ ಮೊಣಕಾಲು ಇನ್ನು ಗಾಡಿ ಒದೆಯಲಾರದು, ಇಲ್ಲಿಗೇ ಬರಲಿ ಎಂದಳು. ಸೋಮವಾರ ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿಗೆ ಅವನು ಹೊರಡುವುದೆಂದು ತೀರ್ಮಾನವಾಯಿತು. ಮತ್ತೆ ಬರುವ ಮಾತಿರಲಿಲ್ಲ. ಆ ವಾರ ಚಳಿಯೂ ಕೆರಳಿ ಕೂತಿತ್ತು. ಸೈಮಿ ಪ್ರತಿದಿನ ಸಹಕಾರಿ ಅಂಗಡಿಯ ಎದುರು ನಿಂತಳು. ಅನ್ಸೆಲ್ಮಿ ಪ್ರತಿದಿನ ಬೆನ್ನು ಕೊಟ್ಟ, ಅವಳು ಈ ಸಲ ಬೆನ್ನು ತೆಗೆಯಲಿಲ್ಲ.

ಶನಿವಾರ ಮೂವತ್ತೆಂಟು. ರಸ್ತೆಯಲ್ಲಿ ಕಾರುಗಳ ಹೊಗೆ ಮೇಲೇಳಲಾರದೆ ನೆಲದ ಮೇಲೇ ಬಿದ್ದುಕೊಂಡಿತ್ತು. ಅನ್ಸೆಲ್ಮಿ ಮಗಳ ಮನೆಗೆ ಒಯ್ಯಲು ಕಾಫಿಪುಡಿ ಕೊಂಡು ಹೊರಗೆ ಬಂದವನು ಗಾಡಿ ಹತ್ತಲಿಲ್ಲ. ಸೀದಾ ಸೈಮಿಯ ಮುಂದೆ ಬಂದು ನಿಂತು ಮಫ್ಲರನ್ನು ಗದ್ದದ ಕೆಳಗೆ ಎಳೆದ. ಮೀಸೆಯ ತುಂಬ ಮಂಜಿನ ಕಡ್ಡಿಗಳು.

‘ತೆಗಿ,’ ಎಂದ. ‘ಒಂದೇ ಸಲ. ಮತ್ತೆ ಕೇಳಬೇಡ.’

ಸೈಮಿ ಹತ್ತು ಎಣಿಸಿ ಫಿಲ್ಮು ತಿರುಗಿಸಿದಳು. ಗುಂಡಿ ಚಳಿಗೆ ಬಿಗಿದಿತ್ತು. ಕೈಗವಸಿನ ಸೀಳಿನಿಂದ ತೂರಿಸಿದ ಬೆರಳಿನ ಬಲ ಸಾಲದೆ ಗವಸನ್ನೇ ಕಳಚಿ ಬರಿ ಬೆರಳಿನಿಂದ ಅದುಮಿದಳು. ಒಂದಲ್ಲ, ಮೂರು ಸಲ ಅದುಮಬೇಕಾಯಿತು. ಕೊನೆಗೆ ಕಟ್ ಎಂದಿತು. ಅವಳು ತಲೆ ಅಲ್ಲಾಡಿಸಿದಳು. ಅವನೂ ಅಲ್ಲಾಡಿಸಿ ಮಫ್ಲರು ಏರಿಸಿಕೊಂಡು ಹೋದ.

ತೋರುಬೆರಳು ಮೇಣದಬತ್ತಿಯಂತೆ ಬೆಳ್ಳಗಾಗಿದೆಯೆಂದು ಅವಳಿಗೆ ತಿಳಿದದ್ದು ಮನೆಗೆ ಬಂದು ಕ್ಯಾಮೆರಾವನ್ನು ಬ್ರೆಡ್ಡಿನ ಚೀಲಕ್ಕೆ ಹಾಕಿ ಪಡಸಾಲೆಯ ಗೂಟಕ್ಕೆ ನೇತುಹಾಕುವಾಗ. ಚೀಲದ ಬಾಯಿ ಕಟ್ಟಲಾಗಲಿಲ್ಲ, ಹಲ್ಲಿನಿಂದ ಕಟ್ಟಿದಳು. ಆಮೇಲೆ ತಾನೇ ನಡೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು.

‘ಇನ್ನೊಂದು ಸಲ ಈ ಬೆರಳು ಹೆಪ್ಪುಗಟ್ಟಿದ್ರೆ ಕತ್ತರಿಸಬೇಕಾಗುತ್ತೆ,’ ಎಂದಳು ದಾದಿ, ಕೈಯನ್ನು ಮುಷ್ಟಿಯಷ್ಟು ದಪ್ಪ ಬಟ್ಟೆಯಲ್ಲಿ ಸುತ್ತುತ್ತಾ. ‘ಹದಿನೈದು ದಿನ ಈ ಕಟ್ಟು ಬಿಚ್ಚೋ ಹಾಗಿಲ್ಲ. ಕೇಳಿಸ್ತಾ?’

‘ಬೆರಳಿಗೆ ಹೇಳಿದ್ರಾ, ನನಗಾ?’

‘ಇಬ್ಬರಿಗೂ.’

ಇನ್ನು ಓಯ್ವಾ ಮೊಯ್ಲನೆನ್ ವಿಚಾರ. ಅವನು ನಮ್ಮ ವಠಾರದಲ್ಲೇ ಸೈಮಿಯ ಪಕ್ಕದ ಮನೆಯವನು, ಹೆಂಡತಿ ಸತ್ತವನು, ಪುರಸಭೆಯ ಹಿಮ ತಳ್ಳುವ ಯಂತ್ರ ಓಡಿಸುವವನು. ಒಳ್ಳೆಯವನು, ಇದನ್ನು ಎಲ್ಲರೂ ಒಪ್ಪುತ್ತಾರೆ, ಸ್ವಲ್ಪ ನಿಟ್ಟುಸಿರಿನೊಂದಿಗೆ. ಶನಿವಾರ ಇಡೀ ವಠಾರಕ್ಕೆ ಸೌನಾದ ದಿನ. ಬಿಸಿಕಲ್ಲಿನ ಮೇಲೆ ನೀರೆರಚಿ ಹಬೆಯಲ್ಲಿ ಬೆವರುವ ಆ ಕೋಣೆಯ ಒಲೆ ಹೊತ್ತಿಸುವ ಸರದಿ ಅಂದು ಓಯ್ವಾನದು. ಸೌದೆ ಒಯ್ಯುವಾಗ ಸೈಮಿಯ ಪಡಸಾಲೆಯ ಗೂಟದಲ್ಲಿ ಕ್ಯಾಮೆರಾ ನೇತಾಡುವುದನ್ನು ಕಂಡ. ಮುಟ್ಟಿದ. ಕಲ್ಲಿನಂತಿತ್ತು.

ನಮ್ಮ ಕಡೆ ಹೆಪ್ಪುಗಟ್ಟಿದ್ದನ್ನು ಏನು ಮಾಡಬೇಕೆಂದು ಯಾರೂ ಯೋಚಿಸುವುದಿಲ್ಲ. ಲಾರಿಯ ಬ್ಯಾಟರಿ, ಆಲೂಗಡ್ಡೆ ಮೂಟೆ, ಚಳಿಯಲ್ಲಿ ಹುಟ್ಟಿದ ಕರು, ಹೊಳೆಯಿಂದ ಎತ್ತಿದ ಕುಡುಕ, ಎಲ್ಲಕ್ಕೂ ಸೌನಾ. ನಮ್ಮ ಅವ್ವಂದಿರು ನಮ್ಮನ್ನು ಹೆತ್ತದ್ದು ಅಲ್ಲಿ, ಅಜ್ಜಂದಿರ ಹೆಣ ತೊಳೆದದ್ದು ಅಲ್ಲಿ. ಓಯ್ವಾ ಒಂದು ಕ್ಷಣವೂ ತಡಮಾಡಲಿಲ್ಲ.

ಸೈಮಿ ಆರೋಗ್ಯ ಕೇಂದ್ರದಿಂದ ಬಂದಾಗ ಅವನು ಟವಲು ಸುತ್ತಿಕೊಂಡು, ಬೆಂದ ಸೀಗಡಿಯಂತೆ ಕೆಂಪಗೆ, ಅವಳ ಬಾಗಿಲಲ್ಲಿ ನಿಂತಿದ್ದ. ಮೈಯಿಂದ ಹಬೆ ಏಳುತ್ತಿತ್ತು.

‘ಸೈಮಿ, ನೀನು ಕ್ಯಾಮೆರಾ ಹೊರಗೇ ಮರೆತುಬಿಟ್ಟಿದ್ದೆ ಕಣೇ. ಪಾಪ, ಮರಗಟ್ಟಿ ಹೋಗಿತ್ತು. ಒಳಗಿಟ್ಟೆ.’

‘ಯಾವ ಒಳಗೆ?’

‘ಸೌನಾದಲ್ಲಿ. ಮೇಲಿನ ಹಲಗೆ ಮೇಲೆ. ಈಗ ಅದರ ಮೈ ಚೆನ್ನಾಗಿ ಬಿಸಿಯಾಗಿದೆ.’

‘ಎಷ್ಟೊತ್ತಾಯ್ತು?’

‘ನಾನು ಎರಡು ಸಲ ಕೂತು ಎದ್ದೆ.’

‘ನೀರು ಹುಯ್ದ್ಯಾ?’

‘ಕಲ್ಲಿನ ಮೇಲೆ ಹುಯ್ದೆ. ಅದರ ಮೇಲೆ ಹುಯ್ಲಿಲ್ಲ. ನನ್ನನ್ನೇನು ದಡ್ಡ ಅಂದ್ಕೊಂಡ್ಯಾ?’

ಸೈಮಿ ಅವನ ಮುಖ ನೋಡಿದಳು. ಮೂವತ್ತರ ಕೆಳಗಿನ ಮುಖವನ್ನು ಹೇಗೆ ನೋಡುತ್ತಿದ್ದಳೋ ಹಾಗೆ, ಉಸಿರು ಕಟ್ಟಿ. ಆಮೇಲೆ, ‘ಕಾಫಿ ಕುಡಿದು ಹೋಗು,’ ಎಂದಳು. ಅವಳ ಬಾಯಿಂದ ಅದಕ್ಕಿಂತ ಕಠಿಣವಾದ ಮಾತನ್ನು ವಠಾರ ಹಿಂದೆ ಕೇಳಿರಲಿಲ್ಲ. ಓಯ್ವಾನಿಗೆ ಏಲಕ್ಕಿ ಬನ್ನಿನ ಎರಡನೆಯ ತುಂಡು ಬಾಯಲ್ಲಿದ್ದಾಗ ತಾನು ಏನು ಮಾಡಿದೆನೆಂದು ಅರ್ಥವಾಯಿತು. ಅಗಿಯುವುದನ್ನು ನಿಲ್ಲಿಸಿದ. ನುಂಗಲೂ ಇಲ್ಲ, ಉಗುಳಲೂ ಇಲ್ಲ.

‘ಅನ್ಸೆಲ್ಮಿ ಅದರೊಳಗಿದ್ನಾ?’ ಎಂದ.

‘ಇದ್ದ.’

ಭಾನುವಾರ ಬೆಳಿಗ್ಗೆ ಬಚ್ಚಲಿನ ಕತ್ತಲೆಯಲ್ಲಿ ಎಡಗೈಯಿಂದಲೇ ಕ್ಯಾಮೆರಾ ತೆರೆದಳು. ಫಿಲ್ಮು ಸುರುಳಿ ಬಿಚ್ಚಲಿಲ್ಲ. ಮೇಲಿನ ಪದರ ಕರಗಿ ಒಂದಕ್ಕೊಂದು ಅಂಟಿ ಬೆಲ್ಲದ ಉಂಡೆಯಂತಾಗಿತ್ತು. ತಣ್ಣೀರಿನಲ್ಲಿ ನೆನೆಸಿದಳು. ಬಿಟ್ಟುಕೊಂಡ ತುಂಡುಗಳನ್ನು ಫಿಲ್ಮು ತೊಳೆಯುವ ರಾಸಾಯನಿಕದಲ್ಲಿ ಅದ್ದಿ ನೋಡಿದರೆ ಅಂಗಡಿಯ ಬೋರ್ಡಿನ ಅರ್ಧವಿತ್ತು, ಯಾರದೋ ನಾಯಿಯ ಬಾಲವಿತ್ತು. ಅನ್ಸೆಲ್ಮಿ ನಿಂತ ಜಾಗದಲ್ಲಿ ಕಲಸಿದ ಗಂಜಿಯಿತ್ತು.

ಓಯ್ವಾ ಬಾಗಿಲಾಚೆ ನಿಂತು ಗಂಟಲು ಸರಿಮಾಡಿಕೊಂಡ. ‘ಹೊಸ ಕ್ಯಾಮೆರಾ ತರ್ತೀನಿ. ಓಲುವಿಗೆ ಹೋಗಿ ಬರ್ತೀನಿ ಈಗಲೇ.’

‘ಇವತ್ತು ಭಾನುವಾರ. ಅಂಗಡಿ ಮುಚ್ಚಿರುತ್ತೆ. ಮನೆಗೆ ಹೋಗು.’

ಅವನು ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತ. ಒಳಗೆ ಸೈಮಿ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕ್ಯಾಮೆರಾವನ್ನು ಎಡಗೈಯಲ್ಲಿ ಬಿಚ್ಚಿದಳು, ತಿರುಪುಗಳನ್ನು ತುಟಿಯಲ್ಲಿ ಕಚ್ಚಿಕೊಂಡಳು. ಗಾಜಿನ ಒಳಗೆ ತೇವ ಸೇರಿತ್ತು. ಅದನ್ನು ಒಲೆಯ ಪಕ್ಕ ಒಣ ಬಟಾಣಿಯ ಡಬ್ಬಿಯಲ್ಲಿ ಹುಗಿದಿಟ್ಟಳು. ಒಳಗಿನ ಬಟ್ಟೆಯ ಪರದೆ ಸುಕ್ಕಾಗಿತ್ತು. ಚಮಚದ ಹಿಂಬದಿಯಿಂದ ಉಜ್ಜಿದಳು. ಸಂಜೆಯ ಹೊತ್ತಿಗೆ ಕ್ಯಾಮೆರಾ ಪರದೆ ತೆರೆದು ಮುಚ್ಚುವ ಐದು ವೇಗಗಳಲ್ಲಿ ಒಂದಕ್ಕೆ ಮಾತ್ರ ಜವಾಬು ಕೊಟ್ಟಿತು. ಆ ಒಂದನ್ನು ಮೂವತ್ತು ಸಲ ಒತ್ತಿ ನೋಡಿದಳು. ಹೊಸ ಫಿಲ್ಮು ಹಾಕಿ, ಹತ್ತು ಎಣಿಸುತ್ತಾ ಮನೆಯಲ್ಲೇ ತಿರುಗಿಸಿಟ್ಟಳು. ಹೊರಗೆ ಒಂದೇ ಕೈಯಲ್ಲಿ ಮತ್ತೆ ತಿರುಗಿಸಲಾಗದು. ಹಾಗಾಗಿ ತೆಗೆಯುವುದಾದರೆ ಒಂದು ಚಿತ್ರ.

ಸೋಮವಾರ ಮೂವತ್ತಾರು. ಬಸ್ಸು ಹೊಗೆಯುಗುಳುತ್ತಾ ನಿಂತಿತ್ತು. ಚಾಲಕ ಅನ್ಸೆಲ್ಮಿಯ ಜಾರುಗಾಡಿಯನ್ನು ಸಾಮಾನಿನ ಪೆಟ್ಟಿಗೆಗೆ ತೂರಿಸಲು ಒದ್ದಾಡುತ್ತಿದ್ದ. ಮೊಣಕಾಲು ಕೆಟ್ಟರೂ ಗಾಡಿ ಬಿಟ್ಟು ಹೋಗಲು ಮುದುಕ ಒಪ್ಪಿರಲಿಲ್ಲ. ಅವನು ಸೈಮಿಯನ್ನು ಕಂಡ ಕೂಡಲೇ ಅಭ್ಯಾಸಬಲದಿಂದ ಬೆನ್ನು ತಿರುಗಿಸಿದ.

‘ಮತ್ಯಾಕೆ ಬಂದೆ?’ ಎಂದ, ಬಸ್ಸಿನ ಚಕ್ರದ ಕಡೆ ನೋಡುತ್ತಾ. ‘ಮೊನ್ನೆ ಕೊಟ್ಟೆನಲ್ಲ.’

‘ಮೊನ್ನೇದು ಬೆಂದುಹೋಯ್ತು.’

‘ಬೆಂದುಹೋಯ್ತಾ? ಏನು, ನಾನಾ?’

‘ನೀನೂ. ಓಯ್ವಾ ಸೌನಾಕ್ಕೆ ಹಾಕಿದ.’

ಅನ್ಸೆಲ್ಮಿ ಬೂಟಿನ ತುದಿಯಿಂದ ಚಕ್ರದ ಮಂಜು ಕೆರೆದ. ‘ಬಿಸಿ ಎಷ್ಟಿತ್ತು?’ ಎಂದು ಕೇಳಿದ.

‘ತೊಂಬತ್ತು,’ ಎಂದ ಓಯ್ವಾ. ಅವನು ಸೈಮಿಯ ಹಿಂದೆಯೇ ಬಂದು ನಿಂತಿದ್ದ.

‘ತೊಂಬತ್ತು ಪರವಾಗಿಲ್ಲ,’ ಎಂದ ಅನ್ಸೆಲ್ಮಿ. ‘ಆದ್ರೆ ಒಂದೇ ಸಲ ಅಂತ ಹೇಳಿದ್ದೆ.’

‘ಹೇಳಿದ್ದೆ,’ ಎಂದಳು ಸೈಮಿ. ಕೇಳಿಕೊಳ್ಳಲಿಲ್ಲ. ಕ್ಯಾಮೆರಾವನ್ನು ಕೋಟಿನೊಳಗಿಂದ ತೆಗೆಯಲೂ ಇಲ್ಲ. ಚಾಲಕ ಗಾಡಿಯನ್ನು ಒದ್ದು ಪೆಟ್ಟಿಗೆಯ ಬಾಗಿಲು ಹಾಕಿದ.

‘ಬೆಂದದ್ದು ಲೆಕ್ಕಕ್ಕಿಲ್ಲ,’ ಎಂದು ಕೊನೆಗೆ ಹೇಳಿ ಮುದುಕ ಇತ್ತ ತಿರುಗಿದ. ಮಫ್ಲರು ಎಳೆದ.

ಆ ಚಿತ್ರ ಬಂತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಓದುವವರನ್ನು ಚಳಿಯಲ್ಲಿ ನಿಲ್ಲಿಸಿ ಕಾಯಿಸುವುದು ನನಗೆ ಹಿಡಿಸದು. ಗಾಜಿನ ತೇವ ಪೂರ್ತಿ ಹೋಗಿರಲಿಲ್ಲ. ಅಂಚಿನಲ್ಲೆಲ್ಲ ಹೊಗೆ ಕವಿದಂತಿದೆ, ನಡುವೆ ಮುಖ ಮಾತ್ರ ಮೀಸೆಯ ಒಂದೊಂದು ಮಂಜಿನ ಕಡ್ಡಿ ಎಣಿಸುವಷ್ಟು ಸ್ಪಷ್ಟ. ಮೇ ಒಂದರಂದು ಗಳುವಿನ ಮೇಲೆ ಅದೊಂದೇ ಉಳಿಯಿತು. ಅಂಚೆಯಲ್ಲಿ ಸ್ವೀಡನ್ನಿಗೆ ಹೋಯಿತು. ‘ಮುಟ್ಟಿತು. ನಾನೇ’ ಎಂದು ಒಂದು ಕಾರ್ಡು ಬಂತು. ಸೈಮಿಯ ಬೆರಳು ಉಗುರನ್ನಷ್ಟೇ ಕಳೆದುಕೊಂಡು ಉಳಿಯಿತು.

ಊರಲ್ಲಿ ಇನ್ನೂ ಚರ್ಚೆ ನಡೆಯುವುದು ಆ ಚಿತ್ರದ ಗುಂಡಿ ಒತ್ತಿದವರು ಯಾರೆಂದು. ಬಲಗೈ ಕಟ್ಟಿದ್ದ ಹೆಂಗಸು ಹೇಗೆ ಒತ್ತಿಯಾಳು, ಓಯ್ವಾನೇ ಒತ್ತಿರಬೇಕು ಎನ್ನುತ್ತಾರೆ. ಓಯ್ವಾ ಅದನ್ನು ಅಲ್ಲಗಳೆಯುವಾಗ ಸ್ವಲ್ಪ ನಿಧಾನ ಮಾಡುತ್ತಾನೆ. ನಾನು ಅದೇ ಬಸ್ಸಿನ ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತಿದ್ದವನು, ಕಂಡದ್ದನ್ನು ಬರೆಯುತ್ತೇನೆ.

ಸೈಮಿ ಎಡಗೈಯಲ್ಲಿ ಕ್ಯಾಮೆರಾ ಎತ್ತಿದಳು. ಗುಂಡಿ ಬಲಗಡೆಗಿತ್ತು. ಕಟ್ಟಿದ ಕೈಯನ್ನು ಅತ್ತ ಒಯ್ದಳು. ಬಟ್ಟೆಯ ಮುದ್ದೆ ಗುಂಡಿಯನ್ನು ಹುಡುಕಲಾರದೆ ಜಾರಿತು. ಹಲ್ಲಿನಿಂದ ಕಟ್ಟಿನ ತುದಿ ಹಿಡಿದಳು.

‘ಬಿಚ್ಚಬೇಡ ಕಣೇ, ಬೆರಳು ಹೋಗುತ್ತೆ!’ ಎಂದು ಓಯ್ವಾ ಮುಂದೆ ನುಗ್ಗಿದ. ‘ನೀನು ನೋಡು, ಹೇಳು, ಒತ್ತೋದು ನಾನು ಒತ್ತೀನಿ. ನಂದು ಗಟ್ಟಿ ಬೆರಳು. ಅಷ್ಟಾದ್ರೂ ಮಾಡೋಕೆ ಬಿಡು ಮಾರಾಯ್ತಿ.’

ಚಾಲಕ ಹಾರನ್ನು ಒತ್ತಿದ. ಸೈಮಿ ಕಟ್ಟಿನ ತುದಿಯನ್ನು ಹಲ್ಲಿನಿಂದ ಬಿಟ್ಟಳು. ಕ್ಯಾಮೆರಾವನ್ನು ತಲೆಕೆಳಗು ಮಾಡಿದಳು. ಗುಂಡಿ ಈಗ ಎಡಗಡೆ ಕೆಳಕ್ಕೆ ಬಂದು ಅವಳ ಎಡಗೈಯ ಹೆಬ್ಬೆರಳಿಗೆ ಸಿಕ್ಕಿತು.

‘ಅಯ್ಯೋ, ತಲೆಕೆಳಗು ಹಿಡಿದಿದ್ದೀಯಲ್ಲೇ!’ ಎಂದ ಓಯ್ವಾ.

‘ಹಾಗಾದ್ರೆ ನಾನೂ ತಲೆಕೆಳಗೆ ನಿಲ್ಲಬೇಕಾ?’ ಎಂದ ಅನ್ಸೆಲ್ಮಿ, ಕದಲದೆ.

‘ನೀನು ಹಾಗೇ ನಿಂತಿರು,’ ಎಂದಳು ಸೈಮಿ. ಆಮೇಲೆ, ಕಣ್ಣನ್ನು ಗಾಜಿನಿಂದ ತೆಗೆಯದೆ, ಪಕ್ಕಕ್ಕೆ ಉಸಿರು ಬಿಟ್ಟು ಹೇಳಿದಳು: ‘ಓಯ್ವಾ, ನಿನ್ನ ಬೆರಳು ನಿನ್ನ ಜೇಬಲ್ಲಿ ಇಟ್ಕೊ. ಹನ್ನೊಂದು ಸಲ ಇವನ ಬೆನ್ನು ಒತ್ತಿದವಳು ನಾನು. ಮುಖಾನೂ ನಾನೇ ಒತ್ತೀನಿ. ನೀನು ಎರಡು ಹೆಜ್ಜೆ ಆಚೆ ನಿಲ್ಲು, ನಿನ್ನ ಉಸಿರು ಗಾಜಿನ ಮೇಲೆ ಬರ್ತಿದೆ.’